ಶಾರದಕ್ಕ ತೋಟ ಗುಡಿಸಿದ್ದು

ಮಾತು ಕಡಿಮೆ ಆಡುವವರ ಬಗ್ಗೆ ಲೋಕಕ್ಕೆ ಒಳ್ಳೆಯ ಅಭಿಪ್ರಾಯವಿದೆ. ಗಂಭೀರ ಸ್ವಭಾವ, ತೂಕದ ಮಾತು ಎಂದೆಲ್ಲ ಹೊಗಳುತ್ತಾರೆ. ನಾನೂ ಬಹಳ ಕಾಲ ಆ ಹೊಗಳಿಕೆಯಲ್ಲಿ ಸುಖವಾಗಿದ್ದೆ. ಅಮ್ಮ ಮಾತ್ರ, ನಿನ್ನ ಫೋನು ರಾಂಗ್ ನಂಬರ್ ಬಂದ ಹಾಗಿರುತ್ತದೆ, ಯಾರೆಂದು ತಿಳಿಯುವುದರೊಳಗೆ ಇಟ್ಟಿರುತ್ತೀಯ ಎನ್ನುತ್ತಾಳೆ. ಇಂಥವಳಿಗೆ ಸಿಕ್ಕಿದ್ದು ಊರೂರು ತಿರುಗಿ ಮಾತಾಡುವ ಕೆಲಸ. ಮಣ್ಣು, ನೀರು, ಮರ ಉಳಿಸಿಕೊಂಡು ಕಾಫಿ ಬೆಳೆಯುವವರಿಗೆ ನಮ್ಮ ಕಂಪನಿ ಸರ್ಟಿಫಿಕೇಟ್ ಕೊಟ್ಟು, ತುಸು ಹೆಚ್ಚಿನ ಬೆಲೆಗೆ ಕೊಳ್ಳುತ್ತದೆ. ಕೊಪ್ಪದಲ್ಲಿ ಬಾಡಿಗೆ ಕೋಣೆ ಹಿಡಿದು, ಸುತ್ತಲಿನ ಬೆಳೆಗಾರರನ್ನು ಅದಕ್ಕೆ ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸ. ನೆಲದ ಮೇಲೆ ತರಗೆಲೆಯ ಹೊದಿಕೆ ಏಕೆ ಬೇಕೆಂದು ಹದಿನಾಲ್ಕು ಪುಟ ಬರೆಯಬಲ್ಲೆ. ಹೇಳು ಎಂದರೆ ಎರಡು ವಾಕ್ಯ.

ಜಯಪುರದ ಹತ್ತಿರದ ಶಾರದಕ್ಕನಿಗೆ ಆ ಎರಡು ವಾಕ್ಯವೇ ಸಾಕಾಗಿತ್ತು. ಎರಡು ವರ್ಷದಿಂದ ಅವರು ಕಳೆನಾಶಕ ಹೊಡೆಸಿಲ್ಲ. ಕತ್ತಿಯಲ್ಲಿ ಹುಲ್ಲು ಸವರಿಸಿ ಅಲ್ಲೇ ಕೊಳೆಯಲು ಬಿಡುತ್ತಾರೆ. ತೋಟದಲ್ಲಿ ಪಾಲಿರುವ ಮೈದುನನಿಗೆ ಇದು ಸರಿಕಾಣದು. ಅತ್ತಿಗೆ ಕಾಫಿ ಬೆಳೆಯುವುದು ಬಿಟ್ಟು ಹಾವು ಸಾಕುತ್ತಿದ್ದಾರೆ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು: ಈ ಸಲದ ತಪಾಸಣೆಯಲ್ಲಿ ಪಾಸಾದರೆ ಶಾರದಕ್ಕನ ದಾರಿ, ಇಲ್ಲವಾದರೆ ಮತ್ತೆ ಕಳೆ ಔಷಧಿಯ ಪಂಪು. ನಾನು ಫೋನ್ ಮಾಡಿ, ಬುಧವಾರ ಹತ್ತು ಗಂಟೆಗೆ ತಪಾಸಣೆಯವರು ತೋಟ ನೋಡಲು ಬರುತ್ತಾರೆ ಎಂದು ತಿಳಿಸಿದೆ. ಅವರು ಏನೋ ಕೇಳಲು ಬಾಯಿ ತೆರೆದ ಹಾಗಿತ್ತು. ಹೇಳುವುದು ಮುಗಿದಿತ್ತಲ್ಲ, ಇಟ್ಟುಬಿಟ್ಟೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ನೆಂಟರು ಬರುತ್ತಾರೆಂದರೆ, ಅವರ ಕಾಲು ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೆ ಗುಡಿಸುತ್ತೇವೆ. ಜಗಲಿಯ ನೆಂಟರಿಗೆ ಜಗಲಿ, ಅಡುಗೆಮನೆಯ ನೆಂಟರಿಗೆ ಅಡುಗೆಮನೆ. ತೋಟಕ್ಕೇ ಬರುವ ನೆಂಟರೆಂದರೆ? ಬುಧವಾರ ಹೋಗಿ ನೋಡಿದಾಗ ಒಂದೊಂದು ಗಿಡದ ಬುಡದಲ್ಲೂ ಹಿಡಿಸೂಡಿಯ ಗೀರು ಎದ್ದು ಕಾಣುತ್ತಿತ್ತು. ನೆಲ ಬೋಳಾಗಿ ಹೊಳೆಯುತ್ತಿತ್ತು. ವಿಷ ಬೀಳದ ತೋಟಕ್ಕೆ ಸಾಕ್ಷಿಯಾಗಬೇಕಿದ್ದ ಜೇಡರ ಬಲೆಗಳನ್ನು ಬಿದಿರಿನ ಗಳಕ್ಕೆ ಪೊರಕೆ ಕಟ್ಟಿ ತೆಗೆಸಿದ್ದರು. ತರಗೆಲೆಯೆಲ್ಲ ಬೇಲಿಯ ಬದಿಯಲ್ಲಿ ರಾಶಿಯಾಗಿ ಬೆಂಕಿಗೆ ಕಾದಿತ್ತು. ತಪಾಸಣೆಯವರು ನೆಲ ನೋಡಿದರು, ಕೈಯಲ್ಲಿದ್ದ ವರದಿಯ ಹಾಳೆ ನೋಡಿದರು, ನನ್ನನ್ನು ನೋಡಿದರು.

ಮೈದುನ ಮರಕ್ಕೊರಗಿ ನಿಂತಿದ್ದ. "ಔಷಧಿ ಹೊಡ್ದಿದ್ರೂ ಇಷ್ಟು ಕ್ಲೀನ್ ಆಗ್ತಿರ್ಲಿಲ್ಲ ಅತ್ತಿಗೆ."

ಶಾರದಕ್ಕನ ಮುಖ ಸಣ್ಣದಾಯಿತು. ಆಗ ನಾನು ಬಾಯಿ ಬಿಟ್ಟೆ. ತಪ್ಪು ಇವರದಲ್ಲ, ಇದ್ದ ಹಾಗೇ ಇರಲಿ ಎಂದು ನಾನು ಹೇಳಬೇಕಿತ್ತು ಎಂದೆ. ಫೋನಿನಲ್ಲಿದ್ದ ಹಿಂದಿನ ತಿಂಗಳುಗಳ ಫೋಟೋ ತೋರಿಸಿದೆ. ಆ ಹದಿನಾಲ್ಕು ಪುಟವನ್ನೂ ನಿಲ್ಲದೆ ಒಪ್ಪಿಸಿದೆನೆಂದು ಕಾಣುತ್ತದೆ. ತಪಾಸಣೆಯವರು ಎರಡು ಸಲ ಸಾಕು ಎಂದರು. ಅಷ್ಟರಲ್ಲಿ ಶಾರದಕ್ಕ ಕುಕ್ಕರುಗಾಲಲ್ಲಿ ಕೂತು, ಗಿಡದ ಬುಡ ಕೆದಕಿ ಒಂದು ಹಿಡಿ ಮಣ್ಣು ಎತ್ತಿ ಅವರ ಮುಂದೆ ಹಿಡಿದರು. ಕರಿ ಮಣ್ಣು, ಅದರಲ್ಲಿ ಎರಡು ಎರೆಹುಳ.

"ಮೇಲಿಂದು ಗುಡ್ಸಿದ್ದು ಸಾರ್. ಒಳಗಿಂದು ಗುಡ್ಸಿಲ್ಲ."

ಅವರು ನಕ್ಕರು. ಪಕ್ಕದ ತೋಟ ಮುಗಿಸಿ ಸಂಜೆ ಇದೇ ದಾರಿಯಲ್ಲಿ ಬರುತ್ತೇನೆ, ಅಷ್ಟರೊಳಗೆ ಎಲೆ ಮರಳಿ ನೆಲಕ್ಕೆ ಬಂದಿದ್ದರೆ ನೋಡೋಣ ಎಂದರು. ಮೂರು ದಿನ ಗುಡಿಸಿದ್ದನ್ನು ನಾವು ಅರ್ಧ ದಿನದಲ್ಲಿ ಬುಟ್ಟಿ ಹೊತ್ತು ಹರಡಿದೆವು. ಮುಗಿಯದೆ ಊಟವಿಲ್ಲವೆಂದು ಶಾರದಕ್ಕ ಹೇಳಿದ್ದರಿಂದ ಮೈದುನನೂ ಹೊತ್ತ. "ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ತಿ" ಎಂದು ಶಾರದಕ್ಕ ಬುಟ್ಟಿಗೊಮ್ಮೆ ಅಂದರು. ಬುಟ್ಟಿಗಳು ಬಹಳ ಇದ್ದವು.

ತೋಟ ಪಾಸಾಯಿತು. ಔಷಧಿಯ ಪಂಪು ಅಟ್ಟದಲ್ಲೇ ಉಳಿಯಿತು. ಹಾಳೆಯಲ್ಲಿ ಕೊರತೆ ಎಂಬ ಕಡೆ ಒಂದೇ ಸಾಲಿತ್ತು: ಕ್ಷೇತ್ರ ಸಿಬ್ಬಂದಿ ಬೆಳೆಗಾರರೊಂದಿಗೆ ಇನ್ನಷ್ಟು ಮಾತನಾಡಬೇಕು.

ಮೊನ್ನೆ ಶಾರದಕ್ಕನ ಫೋನು ಬಂತು. "ಭಾನುವಾರ ಕೊಪ್ಪಕ್ಕೆ ಬತ್ತೆ. ನಿನ್ನ ರೂಮಿಗೂ" ಎಂದರು. ಯಾಕೆ, ಎಷ್ಟು ಹೊತ್ತಿಗೆ ಎಂದು ಕೇಳುವುದರೊಳಗೆ ಇಟ್ಟುಬಿಟ್ಟರು. ನಾನು ಎದ್ದು, ಸ್ಟೂಲು ಹಾಕಿ, ಮೂಲೆಯ ಜೇಡರ ಬಲೆಗೆ ಪೊರಕೆ ಎತ್ತಿದೆ.