ಕನ್ನಡಕ ಕಳಚಿಸಿದ ನಿರ್ದೇಶಕರಿಗೆ

ಹದಿಹರೆಯದ ಹುಡುಗಿಯರಿಗೆ ಸ್ನೇಹವನ್ನೂ ಪ್ರೇಮವನ್ನೂ ಕಲಿಸಿಕೊಡುತ್ತಿರುವ ಜನಪ್ರಿಯ ಚಿತ್ರ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕ್ಯಾಮೆರಾದ ಗಾಜು ಎಂದೂ ಮಸುಕಾಗದಿರಲಿ, ತಮ್ಮ ನಾಯಕಿಯರ ಕೂದಲು ಗಾಳಿಯಿಲ್ಲದ ಕಡೆಯೂ ಹೀಗೆಯೇ ಹಾರಾಡುತ್ತಿರಲಿ ಎಂದು ಹಾರೈಸಿ, ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ, ಹದಿನೈದು ವರ್ಷದ ಮಗಳೊಬ್ಬಳ ತಾಯಿಯಾದ ನಾನು ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ, ತಮ್ಮ ಚಿತ್ರವನ್ನು ನನ್ನ ಮಗಳು ನೋಡಿದ್ದಾಳೆ, ಮತ್ತೆ ಮತ್ತೆ ನೋಡಿದ್ದಾಳೆ, ಅದಾದ ಮೇಲೆ ಅವಳಿಗೆ ಬೇರೇನೂ ಕಾಣಿಸುತ್ತಿಲ್ಲ. ಮಾತಿಗೆ ಹೇಳುತ್ತಿಲ್ಲ, ಅವಳ ಕನ್ನಡಕದ ಪವರ್ ಮೈನಸ್ ಐದು.

ತಮ್ಮ ನಾಯಕಿ ಮಧ್ಯಂತರದ ಹೊತ್ತಿಗೆ ಕನ್ನಡಕ ತೆಗೆದ ಕೂಡಲೇ ಚೆಲುವೆಯಾಗಿಬಿಡುತ್ತಾಳೆ, ಅಲ್ಲಿಯವರೆಗೆ ಅವಳತ್ತ ಕತ್ತೆತ್ತಿಯೂ ನೋಡದ ಹುಡುಗ ತಿರುಗಿ ನೋಡುತ್ತಾನೆ. ಮೂಗಿನ ಮೇಲಿನ ಎರಡು ಗಾಜುಗಳೇ ಪ್ರೇಮಕ್ಕೆ ಅಡ್ಡಿ ಎಂಬ ಈ ಸಂಶೋಧನೆ ನಮ್ಮ ವೃತ್ತಿಯವರ ಯಾರ ತಲೆಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಫ್ರೇಮಿನ ಕಡ್ಡಿ ಬಗ್ಗಿಸಿ, ಸ್ಕ್ರೂ ಬಿಗಿಮಾಡಿ, ಅದೆಷ್ಟು ಹುಡುಗಿಯರ ಬಾಳು ಹಾಳುಮಾಡಿದೆನೋ ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಮರುದಿನವೇ ನನ್ನ ಮಗಳು ಕನ್ನಡಕವನ್ನು ಬ್ಯಾಗಿಗೆ ಸೇರಿಸಿ, ಪಕ್ಕದ ತರಗತಿಯ ಹುಡುಗನೊಬ್ಬನ ಎದುರು ಸುಳಿದಾಡತೊಡಗಿದಳು. ಮೊದಲ ದಿನ ಅವಳು ನಾಚಿ ನಕ್ಕಿದ್ದು ಗಣಿತದ ಮೇಷ್ಟರಿಗೆ. ಅವರು ಗಾಬರಿಯಾಗಿ ಫೋನ್ ಮಾಡಿ, "ಮಗು ಹುಷಾರಾಗಿದ್ದಾಳೆ ತಾನೇ?" ಎಂದು ವಿಚಾರಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಪತ್ರ ಬರೆಯುವಷ್ಟು ಬಿಡುವಿನವಳು ನಾನಲ್ಲ. ಅವಳಿಗೊಬ್ಬ ಗೆಳತಿ ಇದ್ದಾಳೆ. ಒಂದು ಕಡೆ ನಿಲ್ಲುವವಳಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಗಿರಗಿಟ್ಲೆ. ಒಂದನೇ ತರಗತಿಯಿಂದ ಇಬ್ಬರಿಗೂ ಒಂದೇ ಬೆಂಚು, ನಮ್ಮ ಫ್ರಿಜ್ಜಿನ ಬಾಗಿಲನ್ನು ನನ್ನನ್ನು ಕೇಳದೆ ತೆಗೆಯುವ ಹಕ್ಕು ಅವಳೊಬ್ಬಳಿಗೇ. ಒಂದು ದಿನ ಅವಳು ರಸ್ತೆಯ ಆಚೆಯಿಂದ ಎರಡೂ ಕೈ ಬೀಸಿದಾಗ ನನ್ನ ಮಗಳು ತಮ್ಮ ನಾಯಕಿಯ ಗತ್ತಿನಲ್ಲಿ ಗದ್ದ ಎತ್ತಿಕೊಂಡು ನೇರ ನಡೆದುಬಿಟ್ಟಳು. ಕಾಣಿಸಲಿಲ್ಲ, ಅಷ್ಟೇ. ಆದರೆ ಗಿರಗಿಟ್ಲೆಯೂ ಅದೇ ಸೋಫಾದ ಮೇಲೆ ಕೂತು ಅದೇ ಚಿತ್ರ ನೋಡಿದವಳು. ಚೆಲುವೆಯಾದವಳು ಹಳೆಯ ಗೆಳತಿಯನ್ನು ಮೊದಲು ಕೈಬಿಡುತ್ತಾಳೆಂಬ ತಮ್ಮ ದ್ವಿತೀಯಾರ್ಧದ ಪಾಠ ಅವಳಿಗೆ ಬಾಯಿಪಾಠ. ಮುಖ ಊದಿಸಿಕೊಂಡು ಬೆಂಚು ಬದಲಿಸಿದಳು.

ತಮ್ಮ ಕೊನೆಯ ದೃಶ್ಯದಲ್ಲಿ ಗೆಳತಿ ಮಳೆಯಲ್ಲಿ ಓಡೋಡಿ ಬಂದು ನಾಯಕಿಯನ್ನು ಅಪ್ಪಿಕೊಳ್ಳುತ್ತಾಳಷ್ಟೆ. ತಾನೇ ನಾಯಕಿ ಎಂಬುದರಲ್ಲಿ ಇಬ್ಬರಿಗೂ ಎಳ್ಳಷ್ಟೂ ಸಂಶಯವಿಲ್ಲದ್ದರಿಂದ, ಓಡಿ ಬರಬೇಕಾದವಳು ಇನ್ನೊಬ್ಬಳೆಂದು ನಂಬಿ ಇಬ್ಬರೂ ತಂತಮ್ಮ ಮನೆಯ ಕಿಟಕಿಯಲ್ಲಿ ಕಾಯುತ್ತಾ ಕುಳಿತರು. "ನೀನೇ ಒಂದು ಫೋನ್ ಮಾಡೇ" ಎಂದರೆ, "ಹಾಗಲ್ಲಮ್ಮ ಅದು, ಅವಳಾಗೇ ಬರ್ಬೇಕು, ಆಗ್ಲೇ ಅದು ನಿಜವಾದ ಸ್ನೇಹ" ಎಂದು ನನಗೇ ಪಾಠ. ತಟ್ಟೆಯಲ್ಲಿ ಊಟ ಹಾಗೆಯೇ ಉಳಿಯುತ್ತಿತ್ತು. ಹುಡುಗನೇನು ಸ್ವಾಮೀ, ಇವನಲ್ಲದಿದ್ದರೆ ಇನ್ನೊಬ್ಬ. ಒಂದನೇ ತರಗತಿಯ ಗೆಳತಿಯನ್ನು ನಾನು ಯಾವ ಅಂಗಡಿಯಿಂದ ತಂದುಕೊಡಲಿ?

ಆದಕಾರಣ ತಾವು ಕೃಪೆಮಾಡಿ ನಮ್ಮ ಬೀದಿಗೆ ಮಳೆ ಸುರಿಸುವ ಟ್ಯಾಂಕರ್ ಒಂದನ್ನೂ ಪಿಟೀಲಿನವರ ತಂಡವೊಂದನ್ನೂ ಕಳುಹಿಸಿ, ಇಬ್ಬರನ್ನೂ ಒಟ್ಟಿಗೇ ಓಡಿಸಿಕೊಡಬೇಕೆಂದು ಕೋರಲು ಹೊರಟಿದ್ದೆ. ಇನ್ನು ಮುಂದೆ ನಾಯಕಿ ಕನ್ನಡಕ ತೆಗೆದಾಗಲೆಲ್ಲ ಪರದೆಯೂ ಅಷ್ಟೇ ಮಸುಕಾಗಿ, ಹುಡುಗನ ಮುಖ ಹಿಟ್ಟಿನ ಮುದ್ದೆಯಂತೆ ಕಾಣಬೇಕೆಂಬ ಕೋರಿಕೆಯೂ ಇತ್ತು. ಅದು ಈಗಲೂ ಇದೆ.

ಟ್ಯಾಂಕರ್ ಮಾತ್ರ ಬೇಡ. ನಿನ್ನೆ ಸಂಜೆ, ನಾನು ಹೇಳಿ ಹೇಳಿ ಸಾಕಾಗಿ ಸುಮ್ಮನಾದ ಮೇಲೆ, ಮಗಳು ತಾನಾಗಿ ಎದ್ದು ಮನೆಯ ಚಪ್ಪಲಿಯಲ್ಲೇ ಗಿರಗಿಟ್ಲೆಯ ಮನೆಗೆ ಹೋದಳು. "ಅವತ್ತು ನೀನು ನಂಗೆ ಕಾಣಿಸ್ಲೇ ಇಲ್ಲ ಕಣೇ" ಅಂದಳಂತೆ. "ಕಾಣ್ಸಲ್ಲ ಅಂತ ಬಾಯ್ಬಿಟ್ಟು ಹೇಳೋಕೇನಾಗಿತ್ತೇ ನಿಂಗೆ, ಕತ್ತೆ!" ಎಂದು ಗಿರಗಿಟ್ಲೆ ಬೈದಳಂತೆ. ಮಳೆ ಬರಲಿಲ್ಲ, ಇಬ್ಬರೂ ಧಾರಾಳವಾಗಿ ಅತ್ತರಂತೆ, ಕೇಳಿ ನಾನೂ ಒಂದಿಷ್ಟು ಅತ್ತೆ. ಇಂಥ ದೃಶ್ಯವನ್ನು ತಾವು ಚಿತ್ರದಲ್ಲಿ ಇಟ್ಟುಕೊಳ್ಳಲಾರಿರಿ, ನನಗೆ ಗೊತ್ತು. ಒಂದು ಮಾತು ಬಾಯಿಬಿಟ್ಟು ಕೇಳಿಬಿಟ್ಟರೆ ತಮ್ಮ ಕಥೆ ಮಧ್ಯಂತರಕ್ಕೇ ಮುಗಿದುಹೋಗುತ್ತದೆ.

ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯಾಕೆ

ತಾ.ಕ.: ಪಕ್ಕದ ತರಗತಿಯ ಆ ಹುಡುಗ ಇಂದು ಬೆಳಿಗ್ಗೆ ನಮ್ಮ ಅಂಗಡಿಗೆ ಬಂದಿದ್ದ. ಮೈನಸ್ ಆರು. ತಮ್ಮ ನಾಯಕರು ಯಾರೂ ಕನ್ನಡಕ ಹಾಕುವುದಿಲ್ಲವೆಂದು ಅವನೂ ತನ್ನದನ್ನು ಹಿಂದಿನ ಜೇಬಿನಲ್ಲಿಟ್ಟುಕೊಂಡು ತಿರುಗಾಡಿ, ಕೊನೆಗೆ ಅದರ ಮೇಲೆಯೇ ಕುಳಿತು ಮುರಿದುಕೊಂಡಿದ್ದಾನೆ. ಅಂದರೆ ಇಷ್ಟು ಕಾಲ ದಿನಾ ಎದುರುಬದುರಾದ ಇವರಿಬ್ಬರಲ್ಲಿ ಯಾರೂ ಯಾರನ್ನೂ ಕಂಡೇ ಇಲ್ಲ. ತಮ್ಮ ಮುಂದಿನ ಚಿತ್ರ ಮೊದಲ ನೋಟದ ಪ್ರೇಮದ ಕುರಿತೆಂದು ಕೇಳಿದೆ. ಚಿತ್ರೀಕರಣಕ್ಕೆ ಮುನ್ನ ತಾವೂ ಒಮ್ಮೆ ಬಂದು ಕಣ್ಣು ತೋರಿಸಿಕೊಂಡು ಹೋಗಬೇಕಾಗಿ ವಿನಂತಿ.