ಉಳಿದ ಉಸಿರುಗಳ ಸಂಖ್ಯೆ

ನಮ್ಮ ದ್ವೀಪದ ಜಿಲ್ಲಾಸ್ಪತ್ರೆಯಲ್ಲಿ ಕಳೆದ ಹನ್ನೊಂದು ವರ್ಷಗಳಿಂದ ಯಾರೂ ಸತ್ತಿಲ್ಲ. ಇದು ದಾಖಲೆಯಲ್ಲಿದೆ. ಮುಖ್ಯದ್ವಾರದ ಒಳಗೆ, ಮೀನಿನ ತೊಟ್ಟಿಯ ಮೇಲಿರುವ ಹಿತ್ತಾಳೆ ಫಲಕದಲ್ಲಿಯೂ ಇದೆ.

ದ್ವೀಪದಲ್ಲಿ ಸಾವೇ ಇಲ್ಲವೆಂದು ಇದರ ಅರ್ಥವಲ್ಲ. ಮನೆಯ ಹೊರಗೆ ಪ್ರಾಣ ಬಿಟ್ಟವರ ಆತ್ಮಕ್ಕೆ ತನ್ನ ಹೊಸ್ತಿಲು ಸಿಗುವುದಿಲ್ಲ ಎಂದು ನಮ್ಮವರ ನಂಬಿಕೆ. ಆದ್ದರಿಂದ ಡಾಕ್ಟರು ತಲೆಯಾಡಿಸಿದ ಕೂಡಲೇ ಮನೆಯವರು ರೋಗಿಯಲ್ಲಿ ಒಂದೇ ಒಂದು ಉಸಿರು ಉಳಿಸಿಕೊಂಡು ಹೊರಡುತ್ತಾರೆ. ಆಂಬುಲೆನ್ಸ್ ಸಹಾಯಕ ಅಕುನ್ ಬಾಯಿಗೆ ಗಾಳಿ ಊದುವ ರಬ್ಬರ್ ಚೀಲವನ್ನು ಒತ್ತುತ್ತಾ ಆ ಉಸಿರನ್ನು ನಡುಮನೆಯವರೆಗೆ ತಲುಪಿಸುತ್ತಾನೆ. ಅಲ್ಲಿ, ಮನೆ ಬಂತೆಂದು ರೋಗಿಗೆ ತಿಳಿಸಿ ಚೀಲ ತೆಗೆಯಲಾಗುತ್ತದೆ. ಹೊರಡುವಾಗ ನಿಜವಾಗಿ ಉಸಿರಿತ್ತೇ ಎಂದು ಅಕುನ್‌ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದುದನ್ನು ಅವನು ಹೇಳುವುದಿಲ್ಲ.

ಇದಕ್ಕಾಗಿ ಆಸ್ಪತ್ರೆಯಲ್ಲಿ ಹನ್ನೆರಡನೆಯ ನಮೂನೆ ಇದೆ. ಶೀರ್ಷಿಕೆ: ‘ಉಸಿರಿನೊಂದಿಗೆ ಬಿಡುಗಡೆ’. ಮೂರನೆಯ ಅಂಕಣ: ‘ಉಳಿದ ಉಸಿರುಗಳ ಸಂಖ್ಯೆ’. ಎಲ್ಲರ ಅನುಕೂಲಕ್ಕಾಗಿ ಅಲ್ಲಿ ಒಂದು ಎಂದು ಮೊದಲೇ ಅಚ್ಚು ಹಾಕಿಸಿದ್ದಾರೆ. ಒಮ್ಮೆ ದೋಣಿ ರಿಪೇರಿಯ ಮುದುಕನೊಬ್ಬ ಎಷ್ಟೋ ಹೆಚ್ಚು ಉಸಿರು ಇಟ್ಟುಕೊಂಡು ಹೊರಟುಬಿಟ್ಟಿದ್ದ. ಮನೆ ಸೇರಿ ಆರು ವರ್ಷ ಬದುಕಿದ. ಕೃತಜ್ಞತೆಯಿಂದ ವರ್ಷ ವರ್ಷ ಒಣಮೀನು ಕಳುಹಿಸುತ್ತಿದ್ದ. ದಾಖಲೆಯ ಪ್ರಕಾರ ಒಂದೇ ಉಸಿರು ಉಳಿದವರಿಂದ ಉಡುಗೊರೆ ಪಡೆಯಲು ಅವಕಾಶವಿಲ್ಲವೆಂದು ಆಸ್ಪತ್ರೆ ಅದನ್ನು ಹಿಂದಿರುಗಿಸುತ್ತಿತ್ತು.

ನನ್ನ ಹೆಂಡತಿ ಮೇಯಿನ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಬೊಂಡಾಸ್ ಮೀನು ಮಾರಿದವಳು. ಕಳೆದ ಆಗಸ್ಟಿನಲ್ಲಿ ಅವಳನ್ನು ಐದನೆಯ ಹಾಸಿಗೆಗೆ ಸೇರಿಸಿದೆವು. ಹೊಟ್ಟೆಯಲ್ಲಿ ಗಡ್ಡೆಯಿತ್ತು. ನಿರ್ದೇಶಕರಾದ ಡಾಕ್ಟರ್ ಯೆನ್ ಮೂರು ವಾರ ಎಂದರು. ನೋವಿಗೆ ಏನು ಎಂದು ಕೇಳಿದೆ. ಮಾರ್ಫಿನ್ ಹನಿ ಎಂಬುದಿದೆ, ಬಹಳ ಒಳ್ಳೆಯ ಔಷಧಿ, ಅದರ ಬಗ್ಗೆ ತಾವೇ ಎರಡು ಉಪನ್ಯಾಸ ಕೊಟ್ಟಿರುವುದಾಗಿ ಹೇಳಿ, ಅಂಕಿಅಂಶ ವಿಭಾಗದಲ್ಲಿ ವಿಚಾರಿಸಲು ಸೂಚಿಸಿದರು.

ಅಂಕಿಅಂಶ ವಿಭಾಗದ ಪೆಂಗ್ ನನ್ನ ಹಳೆಯ ವಿದ್ಯಾರ್ಥಿನಿ. ಕುರ್ಚಿ ಕೊಟ್ಟು, ಚಹಾ ತರಿಸಿ, ನಿಯಮವನ್ನು ವಿವರಿಸಿದಳು. ಆ ಔಷಧಿಯನ್ನು ರಾಜಧಾನಿಯಿಂದ ಹಂಚುತ್ತಾರೆ. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಆದ ಸಾವುಗಳ ಸಂಖ್ಯೆಯನ್ನು ಆರರಿಂದ ಗುಣಿಸಿದರೆ ಎಷ್ಟೋ ಅಷ್ಟು ಸೀಸೆ. ನಮ್ಮಲ್ಲಿ ಸಾವು ಸೊನ್ನೆ. ಗುಣಿಸಿದರೆ ಏನು ಬರುತ್ತದೆ ಎಂದು ನಾನು ಕೇಳಲಿಲ್ಲ. ಆ ಪಾಠವನ್ನು ಅವಳಿಗೆ ಮಾಡಿದವನು ನಾನೇ.

“ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ,” ಎಂದಳು ಪೆಂಗ್. “ಎಷ್ಟೋ ದೇಶಗಳಲ್ಲಿ ಈ ಔಷಧೀನೇ ಇಲ್ಲ. ನಮ್ಮ ದೇಶದಲ್ಲಿ ಇದೆ. ಇಲ್ಲಿ ಇಲ್ಲ, ಅಷ್ಟೇ.”

ಯಾವ ದೇಶದಲ್ಲಿ ಜನ ಎಷ್ಟು ಚೆನ್ನಾಗಿ ಸಾಯುತ್ತಾರೆಂದು ಅಳೆಯುವ ಪಟ್ಟಿಯೊಂದಿದೆಯಂತೆ. ಅದರಲ್ಲಿ ನಾವು ಮೇಲಿದ್ದೇವೆ. ರಾಜಧಾನಿಯ ಒಂದು ವಾರ್ಡಿನಲ್ಲಿ ಪಿಯಾನೊ ಇದೆ. ಅಲ್ಲಿಗೆ ಕರೆದೊಯ್ಯಬಹುದಿತ್ತು. ಆದರೆ ಕೊನೆಯ ಹಂತದವರನ್ನು ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ. ಉಸಿರು ನಡುಗಡಲಲ್ಲಿ ಮುಗಿದರೆ ಆತ್ಮವನ್ನು ಯಾವ ಬಂದರಿನಲ್ಲಿ ಇಳಿಸಬೇಕೆಂಬುದು ಟಿಕೆಟಿನಲ್ಲಿ ನಮೂದಾಗಿರುವುದಿಲ್ಲ.

ಇನ್ನೊಂದು ದಾರಿಯೂ ಇತ್ತು. ಹದಿನೇಳನೆಯ ನಿಯಮದ ಪ್ರಕಾರ ರೋಗಿಯೇ ಅರ್ಜಿ ಹಾಕಬಹುದು. ತೊಂಬತ್ತನೆಯ ದಿನ ತೀರ್ಮಾನವಾಗುತ್ತದೆ. ಆ ದಿನ ರೋಗಿಯ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಇರಬೇಕು. ಅರ್ಜಿ ತುಂಬಿಸಿಕೊಂಡು ಬಂದು ಮೇಯಿನ್‌ಗೆ ಓದಿ ಹೇಳಿದೆ.

“ಮೂರು ವಾರದಲ್ಲಿ ಸಾಯೋರು ತೊಂಬತ್ತು ದಿನ ಬದುಕಿದ್ದು ತೋರಿಸ್ಬೇಕು,” ಎಂದಳು ಅವಳು. “ಬದುಕಿದ್ರೆ ಸಾಯೋಕೆ ಔಷಧಿ ಕೊಡ್ತಾರೆ. ಅರ್ಥ ಆಯ್ತಾ ಹುಂಗಣ್ಣ?”

ಮೂರನೆಯ ಹಾಸಿಗೆಯ ಹುಂಗ್ ಹಳೆಯ ದೋಣಿಗಾರ. ಎರಡು ಹಾಸಿಗೆಗಳ ನಡುವೆ ಯಾರೂ ಇರಲಿಲ್ಲ, ನಮ್ಮ ಭಾಷೆಯಲ್ಲಿ ಸಾವು ಎಂಬಂತೆಯೇ ಕೇಳಿಸುವ ನಾಲ್ಕು ಎಂಬ ಸಂಖ್ಯೆಯನ್ನು ಆಸ್ಪತ್ರೆಯಲ್ಲಿ ಬಳಸುವುದಿಲ್ಲ. ಮೂಳೆಗೆ ಇಳಿದ ರೋಗದಿಂದ ಅವನು ನಾಲ್ಕು ತಿಂಗಳಿಂದ ನರಳುತ್ತಿದ್ದ. ಅವನೂ ಅರ್ಜಿ ಹಾಕಿದ್ದ. ‘ನೋವಿಗೆ ಕಾರಣ’ ಎಂಬಲ್ಲಿ ‘ಗೊತ್ತಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ’ ಎಂದು ಬರೆದಿದ್ದರಿಂದ ಅದು ವಾಪಸಾಗಿತ್ತು.

ಮೇಯಿನ್ ತನ್ನ ಅರ್ಜಿಗೆ ಸಹಿಯ ಬದಲು ಹೆಸರಿನ ಮುದ್ರೆ ಒತ್ತಿದಳು. ಆಮೇಲೆ ಸ್ವಲ್ಪ ಹೊತ್ತು ಟವೆಲ್ ಕಚ್ಚಿಕೊಂಡು ಮಲಗಿದ್ದಳು. ನೋವು ತಗ್ಗಿದಾಗ ಮತ್ತೊಂದು ವಿಚಾರ ಹೇಳಿದಳು. ತಾನು ಮನೆಗೆ ಹೋಗುವುದಿಲ್ಲ, ಇಲ್ಲೇ ಸಾಯುತ್ತೇನೆ ಎಂದಳು. ಒಂದು ಸಾವಿಗೆ ಆರು ಸೀಸೆಯಂತೆ ಮುಂದಿನ ವರ್ಷ ಹುಂಗ್‌ಗಾದರೂ ಬರುತ್ತದೆ ಎಂಬುದು ಅವಳ ಲೆಕ್ಕ. ನಾನು ಪರಿಶೀಲಿಸಿದೆ. ತಪ್ಪಿರಲಿಲ್ಲ.

“ನಿನ್ ಮೇಲೆ ಪ್ರೀತಿಗಲ್ಲ,” ಎಂದು ಅವಳು ಹುಂಗ್‌ಗೆ ಸ್ಪಷ್ಟಪಡಿಸಿದಳು. “ನಿನ್ ನರಳಾಟ ಕೇಳಿ ಕಿವಿ ತೂತಾಗಿದೆ.”

ಈ ಸುದ್ದಿ ಆಡಳಿತಕ್ಕೆ ತಲುಪಿದ ದಿನವೇ ವಾರ್ಡಿನ ಗೋಡೆಗೆ ಪ್ರಕಟಣೆ ಬಂತು: ‘ರೋಗಿಗಳು ಆಸ್ಪತ್ರೆಯ ಆವರಣದಲ್ಲಿ ಸಾಯುವುದನ್ನು ದಯವಿಟ್ಟು ತಪ್ಪಿಸಿ ಸಹಕರಿಸಬೇಕು. ಅನಿವಾರ್ಯವಾದಲ್ಲಿ ಎರಡು ದಿನ ಮುಂಚಿತವಾಗಿ ತಿಳಿಸಬೇಕು.’ ಸಂಜೆ ಡಾಕ್ಟರ್ ಯೆನ್ ಖುದ್ದಾಗಿ ಬಂದರು. ಮಾರ್ಚಿನಲ್ಲಿ ವಿದೇಶಿ ನಿಯೋಗ ಬರಲಿದೆ, ಹನ್ನೊಂದು ವರ್ಷಗಳ ಶ್ರಮವಿದೆ ಎಂದು ತಿಳಿಹೇಳಿದರು. ಕೊನೆಗೆ ಧ್ವನಿ ತಗ್ಗಿಸಿ, ಮನೆ ಸೇರುವ ಆಸೆ ಇಲ್ಲವೇ ಎಂದು ಕೇಳಿದರು.

“ಮನೆ ಮೂರು ಬೀದಿ ಆಚೆ ಇದೆ ಡಾಕ್ಟ್ರೇ,” ಎಂದಳು ಮೇಯಿನ್. “ಮೀನ್ ಮಾರ್ಕೆಟ್ ದಾಟಿ, ಆಮೆ ಆಕಾರದ ಕಜ್ಜಾಯ ಮಾರೋ ಅಂಗಡಿ ಹತ್ರ ಎಡಕ್ಕೆ. ಮೂವತ್ತು ವರ್ಷ ಬುಟ್ಟಿ ಹೊತ್ಕೊಂಡು ಓಡಾಡಿದೀನಿ. ಸತ್ತ ಮೇಲೆ ಕೈ ಖಾಲಿ. ದಾರಿ ತಪ್ಪುತ್ತಾ?”

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅವಳು ಹೇಳಿದಂತೆಯೇ ಮಾಡಿದಳು. ಟವೆಲ್ಲಿನ ಒಂದು ಅಂಚು ಪೂರ್ತಿ ಸವೆದುಹೋಗಿತ್ತು.

ಮೂರೂಕಾಲಿಗೆ ಅಕುನ್ ರಬ್ಬರ್ ಚೀಲದೊಂದಿಗೂ, ಪೆಂಗ್ ಹನ್ನೆರಡನೆಯ ನಮೂನೆಯೊಂದಿಗೂ ಬಂದರು. ಎಲ್ಲ ಅಂಕಣಗಳನ್ನೂ ತುಂಬಿದೆ. ಮೂರನೆಯದರಲ್ಲಿ ಅಚ್ಚಾಗಿದ್ದ ಒಂದನ್ನು ಹೊಡೆದು ಸೊನ್ನೆ ಬರೆದೆ.

“ಮೇಷ್ಟ್ರೇ, ಅಲ್ಲಿ ಸೊನ್ನೆ ಬರೆಯೋ ಹಾಗಿಲ್ಲ.”

“ಮೂರನೇ ಕ್ಲಾಸಲ್ಲಿ ನಿಂಗೆ ಏನು ಹೇಳಿದ್ದೆ?”

ಪೆಂಗ್ ಮೇಯಿನ್ ಕಡೆ ನೋಡಿದಳು. “ಇರೋದನ್ನೇ ಬರಿ ಅಂತ,” ಎಂದಳು. ತಿದ್ದುಪಡಿಯ ಪಕ್ಕದಲ್ಲಿ ತನ್ನ ಮುದ್ರೆ ಒತ್ತಿದಳು.

ಅಕುನ್ ಚೀಲವನ್ನು ಆಂಬುಲೆನ್ಸಿನ ಸೀಟಿನ ಕೆಳಗಿಟ್ಟ. ಅವನ ಕೈಗೆ ಕೆಲಸವಿರಲಿಲ್ಲ, ಆದ್ದರಿಂದ ಆತ್ಮಕ್ಕೆ ದಾರಿ ತೋರುವ ಪದ್ಧತಿಯಂತೆ ದಾರಿಯುದ್ದಕ್ಕೂ ತಿರುವುಗಳನ್ನು ಕೂಗಿ ಹೇಳಿದ. ಮಾರ್ಕೆಟ್ ಬಂತು ಮೇಯಿನಕ್ಕ. ಕಜ್ಜಾಯದ ಅಂಗಡಿ ಬಂತು. ಈಗ ಎಡಕ್ಕೆ. ಅವಳಿಗೆ ಗೊತ್ತಿರುವ ದಾರಿ ಎಂದು ನಾನು ಹೇಳಲಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ಆ ನಮೂನೆಯನ್ನು ಒಪ್ಪಲಿಲ್ಲ. ಸೊನ್ನೆ ಉಸಿರಿನೊಂದಿಗೆ ಬಿಡುಗಡೆ ಎಂಬ ವರ್ಗ ಅದರಲ್ಲಿಲ್ಲ. ಸಾವು ಎಂಬ ವರ್ಗ ಹಿಂದೊಮ್ಮೆ ಇತ್ತು, ಬಳಕೆಯಿಲ್ಲವೆಂದು ತೆಗೆಸಿದ್ದರು. ನಿರ್ದೇಶಕರು ಸಭೆ ಕರೆದರು. ರೋಗಿಯ ಸಾವು ದಾಖಲಾಗಿಲ್ಲ, ಬಿಡುಗಡೆಯೂ ದಾಖಲಾಗಿಲ್ಲ, ಆದ್ದರಿಂದ ಚಿಕಿತ್ಸೆ ಮುಂದುವರಿದಿದೆ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಸಾವನ್ನು ನೋಂದಾಯಿಸುವ ಕಚೇರಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿತ್ತು. ಆ ಕಚೇರಿಗೂ ಆಸ್ಪತ್ರೆಗೂ ನಡುವೆ ಬಸ್ ನಿಲ್ದಾಣವಿರುವುದರಿಂದ ಮಾಹಿತಿ ವಿನಿಮಯ ಕಷ್ಟ.

ಐದನೆಯ ಹಾಸಿಗೆಗೆ ದಿನವೂ ಗಂಜಿ ಬರುತ್ತಿತ್ತು. ವಾಪಸು ಕಳಿಸಿದರೆ ರೋಗಿಗೆ ಹಸಿವಿಲ್ಲವೆಂದು ಪರೀಕ್ಷೆಗೆ ಬರೆಯುತ್ತಾರೆಂದು ಹುಂಗ್ ಅದನ್ನೂ ತಿಂದು ಮುಗಿಸುತ್ತಿದ್ದ. ತಿಂದು ನರಳುತ್ತಿದ್ದ.

ತೊಂಬತ್ತನೆಯ ದಿನ ರಾಜಧಾನಿಯಿಂದ ಆದೇಶ ಬಂತು. ಅರ್ಜಿದಾರರ ಹೆಸರು ಪುಸ್ತಕದಲ್ಲಿ ಇರುವುದು ಖಚಿತವಾಗಿದೆ. ವೈದ್ಯರು ಹೇಳಿದ ಅವಧಿಯನ್ನು ಮೀರಿ ತಾಳ್ಮೆಯಿಂದ ಇದ್ದುದಕ್ಕಾಗಿ ಅವರನ್ನು ಅಭಿನಂದಿಸಲಾಗಿದೆ. ಅವರು ಚಿಕಿತ್ಸೆಯಲ್ಲಿ ಇರುವವರೆಗೆ ವಾರಕ್ಕೊಂದು ಸೀಸೆ ಮಂಜೂರಾಗಿದೆ. ಸೀಸೆಯನ್ನು ಹಿಂದಿರುಗಿಸುವಂತಿಲ್ಲ, ಚೆಲ್ಲುವಂತಿಲ್ಲ, ನಿಗದಿತ ಹಾಸಿಗೆಯಲ್ಲಿಯೇ ಕುಡಿಸಿ ಮುಗಿಸಬೇಕು.

ಪೆಂಗ್ ಆದೇಶವನ್ನು ಎರಡು ಸಲ ಓದಿದಳು. ಮರುದಿನ ಬೆಳಿಗ್ಗೆ, ಐದನೆಯ ಹಾಸಿಗೆಯ ಪಕ್ಕ ಕಿಟಕಿ ಇದೆ, ಗಾಳಿ ಚೆನ್ನಾಗಿದೆ ಎಂದು ಹೇಳಿ ಹುಂಗ್‌ನನ್ನು ಅಲ್ಲಿಗೆ ಬದಲಾಯಿಸಿದಳು. ಹಾಸಿಗೆಯ ಫಲಕ ಬದಲಾಯಿಸಲಿಲ್ಲ. ಅದಕ್ಕೆ ಬೇರೆ ನಮೂನೆ ಬೇಕಾಗುತ್ತದೆ.

ಮೂರು ದಿನಗಳಲ್ಲಿ ವಾರ್ಡ್ ನಿಶ್ಶಬ್ದವಾಯಿತು. ನರಳಾಟದ ಸದ್ದಿಗೆ ಒಗ್ಗಿಹೋಗಿದ್ದ ನರ್ಸುಗಳು ಆಗಾಗ ಬಂದು ಹುಂಗ್ ಇದ್ದಾನೆಯೇ ಎಂದು ನೋಡಿಹೋಗುತ್ತಿದ್ದರು. ಅವನು ಗೊರಕೆ ಹೊಡೆಯುತ್ತಿದ್ದ.

ಮಾರ್ಚಿನಲ್ಲಿ ನಿಯೋಗ ಬಂತು. ಅದರಲ್ಲಿ ಒಬ್ಬರ ದೇಶದಲ್ಲಿ ಇಡೀ ವರ್ಷದ ಮಾರ್ಫಿನ್ ಒಂದು ಕೈಚೀಲದಲ್ಲಿ ಹಿಡಿಯುತ್ತದಂತೆ. ಮೂರು ವಾರ ಎಂದಿದ್ದ ರೋಗಿ ಏಳನೆಯ ತಿಂಗಳಲ್ಲಿಯೂ ನೋವಿಲ್ಲದೆ ಇರುವುದನ್ನು ಕಡತದಲ್ಲಿ ಓದಿ ಅವರ ಕಣ್ಣು ತುಂಬಿತು. ಐದನೆಯ ಹಾಸಿಗೆಯ ಮುಂದೆ ತಲೆಬಾಗಿದರು. ಶ್ರೀಮತಿ ಮೇಯಿನ್ ಅವರಿಗೆ ಮೀಸೆ ಇರುವುದನ್ನು ಅವರು ಗಮನಿಸಿದರು. ಔಷಧಿಯ ಪರಿಣಾಮ ಎಂದು ಡಾಕ್ಟರ್ ಯೆನ್ ತಿಳಿಸಿದರು. ಅತಿಥಿ ಅದನ್ನು ಬರೆದುಕೊಂಡರು. ಹೊರಡುವಾಗ ತಮ್ಮ ದೇಶದಲ್ಲಿ ಜಾರಿಗೆ ತರಲು ಹನ್ನೆರಡನೆಯ ನಮೂನೆಯ ಪ್ರತಿಯೊಂದನ್ನು ಕೇಳಿ ಪಡೆದರು. ಔಷಧಿಗಿಂತ ಅದನ್ನು ಸಾಗಿಸುವುದು ಸುಲಭ.

ಈಗ ಪ್ರತಿ ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾನು ಆಸ್ಪತ್ರೆಗೆ ಹೋಗುತ್ತೇನೆ. ಸೀಸೆಗಾಗಿ ರೋಗಿಯ ಪರವಾಗಿ ಹತ್ತಿರದ ಬಂಧು ಒಂದು ಹಾಳೆ ತುಂಬಬೇಕು. ‘ಈ ವಾರ ರೋಗಿಯ ನೋವು, ಸೊನ್ನೆಯಿಂದ ಹತ್ತರವರೆಗೆ’ ಎಂದು ಕೇಳಿರುತ್ತಾರೆ. ಇರುವುದನ್ನೇ ಬರೆಯುತ್ತೇನೆ. ಸೊನ್ನೆ. ಪೆಂಗ್ ಮುದ್ರೆ ಒತ್ತುತ್ತಾಳೆ.

ಕಳೆದ ವಾರ ಸೀಸೆ ಕೊಡಲು ಹೋದಾಗ ಹುಂಗ್ ಎದ್ದು ಕೂತಿದ್ದ. ಮುಂದೆ ಎರಡು ಬಟ್ಟಲು ಗಂಜಿ ಇತ್ತು.

“ಮೇಯಿನ್ ಹೇಗವ್ಳೆ ಮೇಷ್ಟ್ರೇ?” ಎಂದ.

“ನೋವಿಲ್ಲ,” ಎಂದೆ.

“ನಂಗೂ,” ಎಂದ ಹುಂಗ್, ಅವಳ ಬಟ್ಟಲನ್ನು ಹತ್ತಿರ ಎಳೆದುಕೊಂಡ.