ಬಾಯಿಬಟ್ಟೆಯ ಆರು ವಾರಗಳು

ಇದೆಲ್ಲ ನಡೆದದ್ದು ೧೯೧೮ರಲ್ಲಿ, ಮಳೆ ಹಿಂದಾದ ಮೇಲೆ, ಕಾಫಿ ಹಣ್ಣಿನ ಕುಯ್ಲು ಶುರುವಾಗುವ ಮುಂಚಿನ ಆರು ವಾರಗಳಲ್ಲಿ. ಜನ ಹೆದರಿರುವಾಗ ಅವರ ಮುಂದೆ ಒಬ್ಬ ಓದಿದವನು ನಿಂತು ಮಾತಾಡತೊಡಗಿದರೆ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಆ ಓದಿದವನು ನಾನು.

ಆಗಷ್ಟೇ ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿದ್ದೆ. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿದ್ದ ಸೋದರಮಾವನ ಕಾಫಿ ತೋಟದಲ್ಲಿ ಉಳಿದಿದ್ದೆ. ಇನ್‌ಫ್ಲುಯೆಂಜಾ ಜ್ವರ ಬಯಲುಸೀಮೆ ದಾಟಿ ನಮ್ಮ ಬೆಟ್ಟಗಳಿಗೆ ಬಂದಿತ್ತು. ಪಕ್ಕದ ತೋಟದಲ್ಲಿ ಗಂಜಿ ಕಾಯಿಸಲು ಎದ್ದು ನಿಲ್ಲುವವರು ಕೂಡ ಇರಲಿಲ್ಲ. ಅಲ್ಲಿಂದ ದಿನಾ ಒಂದು ಸುದ್ದಿ ಬರುತ್ತಿತ್ತು. ಅದು ಒಳ್ಳೆಯ ಸುದ್ದಿ ಆಗಿರುತ್ತಿರಲಿಲ್ಲ.

ನಮ್ಮ ಕೂಲಿಯವರ ಲೈನು ಎಂದರೆ ಒಂದೇ ಸೂರಿನ ಕೆಳಗೆ ಹನ್ನೆರಡು ಕೋಣೆ, ಐವತ್ತೆಂಟು ಜನ. ಒಬ್ಬರು ಕೆಮ್ಮಿದರೆ ಹನ್ನೆರಡೂ ಕೋಣೆಗೆ ಕೇಳಿಸುತ್ತಿತ್ತು.

ಮಾವ ನನ್ನನ್ನು ಕರೆದು ಹೇಳಿದರು: "ತಾಲ್ಲೂಕಿಗೆಲ್ಲ ಒಬ್ಬರೇ ಡಾಕ್ಟರು. ಅವರು ಇಲ್ಲಿಗೆ ಬರೋದಿಲ್ಲ. ಓದಿದವನು ನೀನೊಬ್ಬ ಇದ್ದೀಯ. ಲೈನು ನಿನ್ನ ವಶ. ಒಬ್ಬರೂ ಸಾಯಬಾರದು."

ನಾನು ನೋಟ್‌ಪುಸ್ತಕ ತೆಗೆದುಕೊಂಡೆ.

೧. ಬಟ್ಟೆ ಅಂಗಡಿ

ಡಾಕ್ಟರರು ಕಾಗದದಲ್ಲಿ ಬರೆದು ಕಳಿಸಿದ್ದು ಸರಳವಾಗಿತ್ತು. ತೆಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಗು ಬಾಯಿ ಮುಚ್ಚುವಂತೆ ಕಟ್ಟಬೇಕು, ಸಂಜೆ ಕುದಿಸಬೇಕು. ನಾನು ಮಲ್‌ಬಟ್ಟೆ ತರಲು ಮೂಡಿಗೆರೆಗೆ ಹೋದೆ.

ಬಟ್ಟೆ ಅಂಗಡಿಯವರು ಮಾವನ ಹಳೆಯ ಪರಿಚಯ. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಯಾಕೆ ಬಟ್ಟೆ ಎಂದು ಕೇಳಿದರು. ಹೇಳಿದೆ.

"ಅಯ್ಯೋ ಮಾರಾಯ, ನೀನೂ ನಂಬಿಬಿಟ್ಯಾ?" ಎಂದರು. "ಜ್ವರಾನೂ ಇಲ್ಲ, ಗಿರಾನೂ ಇಲ್ಲ. ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಯವರ ಬಟ್ಟೆ ಹಡಗು ಹತ್ತದೆ ರಾಶಿ ಬಿದ್ದಿದೆ. ಅದು ಖರ್ಚಾಗಬೇಕಲ್ಲ? ಎಲ್ಲರ ಬಾಯಿಗೂ ಬಟ್ಟೆ ಕಟ್ಟಿಸಿ ಅಂತ ಹೇಳಿಕಳಿಸಿದ್ದಾರೆ."

"ಹಾಗಾದರೆ ಈ ಬೀದಿಯಲ್ಲಿ ಸತ್ತವರು?"

"ಅವರು ಹೆದರಿ ಸತ್ತರು. ನನ್ನ ನೋಡು. ನಾನು ಹೆದರಲಿಲ್ಲ, ನನಗೇನೂ ಆಗಲಿಲ್ಲ."

ಅಷ್ಟರಲ್ಲಿ ಅವರು ಬಟ್ಟೆಯ ಥಾನನ್ನು ಹಲಗೆಯ ಮೇಲೆ ಬಡಿದು ಬಿಚ್ಚಿದರು. ಧೂಳು ಎದ್ದಿತು. ನಾನು ಒಂದು ಸಲ ಸೀನಿದೆ.

ನಾನು ಕಣ್ಣು ಒರೆಸಿಕೊಂಡು ನೋಡಿದಾಗ ಅಂಗಡಿಯವರು ಗದ್ದಿಗೆಯ ಮೇಲೆ ಇರಲಿಲ್ಲ. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದರು. ಬಿಚ್ಚಿದ ಥಾನನ್ನೇ ಮುಖಕ್ಕೆ ಸುತ್ತಿಕೊಂಡಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು.

ಸುತ್ತು ಎಣಿಸಿದೆ. ಏಳಿತ್ತು. ಡಾಕ್ಟರರು ಹೇಳಿದ್ದು ನಾಲ್ಕೇ.

೨. ಒಕ್ಕಲು ಎತ್ತು

ಮರುದಿನ ಬೆಳಗಿನ ಹಾಜರಿಗೆ ಎಲ್ಲರನ್ನೂ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ, ತಲೆಗೆ ಎರಡರಂತೆ ಬಾಯಿಬಟ್ಟೆ ಹಂಚಿದೆ. ಯಾರೂ ಕಟ್ಟಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಲೈನಿನ ಹಿರಿಯಜ್ಜಿಯ ಮುಖ ನೋಡಿದರು. ಈ ಅಜ್ಜಿ ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದವಳು. ಅರ್ಧ ಲೈನಿಗೆ ಸೂಲಗಿತ್ತಿ. ಉಳಿದರ್ಧಕ್ಕೆ ನ್ಯಾಯಾಧೀಶೆ.

ಅಜ್ಜಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಸಣ್ಣ ಧಣಿ, ಒಂದು ಕೇಳ್ತೀನಿ. ಒಕ್ಕಲು ಮಾಡುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟೋದು ಯಾಕೆ?"

"ತುಳಿಯುತ್ತಾ ಭತ್ತ ತಿನ್ನಬಾರದು ಅಂತ."

"ಹಣ್ಣು ಕುಯ್ಲು ಯಾವಾಗ?"

"ಮುಂದಿನ ತಿಂಗಳು."

ಅಜ್ಜಿ ಲೈನಿನವರ ಕಡೆ ತಿರುಗಿದಳು. "ಕೇಳಿದ್ರಾ?"

ಎಲ್ಲರಿಗೂ ಅರ್ಥವಾಯಿತು. ಕಾಫಿ ಹಣ್ಣಿನ ಸಿಪ್ಪೆ ಸಿಹಿ. ಕುಯ್ಯುತ್ತಾ ಒಂದೊಂದನ್ನು ಬಾಯಿಗೆ ಹಾಕಿಕೊಂಡು ಚೀಪುವುದು ಹಿಂದಿನಿಂದ ಬಂದ ಪದ್ಧತಿ. ಅದನ್ನು ನಿಲ್ಲಿಸಲು ಧಣಿಗಳು ಓದಿದ ಅಳಿಯನನ್ನು ಕರೆಸಿದ್ದಾರೆ ಎಂದು ತೀರ್ಮಾನವಾಯಿತು.

ನಾನು ಕಾಲು ಗಂಟೆ ಮಾತಾಡಿದೆ. ಜ್ವರದ ಹುಳ ಕಣ್ಣಿಗೆ ಕಾಣದಷ್ಟು ಸಣ್ಣದು, ಅದು ಕೆಮ್ಮಿನ ಹನಿಯಲ್ಲಿ ಹಾರುತ್ತದೆ, ಬಟ್ಟೆ ಹನಿಯನ್ನು ಹಿಡಿಯುತ್ತದೆ ಎಂದೆಲ್ಲ ಹೇಳಿದೆ. ಹುಳ ಸಾಯಲು ಲೈನಿನ ಸುತ್ತ ಸುಣ್ಣ ಚೆಲ್ಲಿಸುತ್ತೇನೆ ಎಂದೂ ಹೇಳಿದೆ. ಕೂಲಿಯವರ ಮುಖಂಡನಾದ ಮೇಸ್ತ್ರಿ ಗಂಭೀರವಾಗಿ ಕೇಳಿ, ಕೊನೆಗೆ ಎಲ್ಲರಿಗೂ ತಿಳಿಯುವಂತೆ ಸಾರಾಂಶ ಹೇಳಿದ:

"ಸಣ್ಣ ಧಣಿ ಹೇಳೋದು ಇಷ್ಟೇ. ಹಣ್ಣು ತಿನ್ನಬಹುದು. ಬಟ್ಟೆ ಎತ್ತಿ ತಿನ್ನಬೇಕು."

ಐವತ್ತೆಂಟು ಜನರೂ ಕಟ್ಟಿಕೊಂಡರು.

೩. ಬಾಗಿಲ ಕಾವಲು

ಮೂರನೆಯ ದಿನ ಗಂಡಸರ ಬಾಯಿಬಟ್ಟೆಗಳ ನಡುವೆ ಒಂದೊಂದು ತೂತು ಕಂಡಿತು. ಹರಿದದ್ದಲ್ಲ. ಗುಂಡಗೆ ಕತ್ತರಿಸಿ, ಅಂಚಿಗೆ ದಾರ ಹಾಕಿ, ಗುಂಡಿಯ ಕಾಜದಂತೆ ಅಚ್ಚುಕಟ್ಟಾಗಿ ಹೊಲಿದಿದ್ದರು. ಹೊಲಿಗೆ ಚೆನ್ನಾಗಿತ್ತು. ಅದನ್ನು ನಾನು ಒಪ್ಪಲೇಬೇಕು.

ಮೇಸ್ತ್ರಿಯನ್ನು ಕೇಳಿದೆ. "ಇದೇನು?"

"ಎಲೆಅಡಿಕೆ ಉಗುಳೋದಕ್ಕೆ."

"ತೂತು ಮಾಡಿದ ಮೇಲೆ ಬಟ್ಟೆ ಯಾಕೆ ಬೇಕಪ್ಪ? ಹುಳ ಅದರಲ್ಲೇ ಒಳಗೆ ಹೋಗೋದಿಲ್ವಾ?"

ಮೇಸ್ತ್ರಿ ನನ್ನನ್ನು ಕನಿಕರದಿಂದ ನೋಡಿದ. ಬಟ್ಟೆ ಸರಿಸಿ ಬಾಯಿ ತೆರೆದು, ಕೆಂಪಾದ ತಾಂಬೂಲ ತೋರಿಸಿದ.

"ಸುಣ್ಣಕ್ಕೆ ಹುಳ ಸಾಯುತ್ತೆ ಅಂದವರು ಯಾರು, ಸಣ್ಣ ಧಣಿ?"

"ನಾನು."

"ಇಲ್ಲಿ ಸುಣ್ಣ ಹಚ್ಚಿ ಬಾಗಿಲಲ್ಲೇ ಕೂರಿಸಿದ್ದೀನಲ್ಲ. ಬರೋ ಹುಳ ಬರ್ಲಿ."

ನಾನು ಅಜ್ಜಿಯನ್ನು ಕರೆದೆ. ಅಜ್ಜಿ ತನ್ನ ತೀರ್ಪು ಕೊಟ್ಟಳು: ಎಲೆಅಡಿಕೆ ಹಾಕಬೇಕಾದವರು ಲೈನಿನಿಂದ ನೂರು ಹೆಜ್ಜೆ ಆಚೆ, ಹಲಸಿನ ಮರದ ಹತ್ತಿರ, ಒಬ್ಬೊಬ್ಬರೇ ಹೋಗಿ ಹಾಕಿಕೊಂಡು ಉಗುಳಿ ಬರಬೇಕು. ತೂತುಗಳನ್ನು ಹೆಂಗಸರು ಅದೇ ಸಂಜೆ ಮುಚ್ಚಿ ಹೊಲಿದರು. ಆ ತಿಂಗಳು ನಮ್ಮ ತೋಟದ ಗಂಡಸರು ನಡೆದಷ್ಟು ಯಾವ ತೋಟದವರೂ ನಡೆದಿರಲಾರರು.

೪. ಗಾಜಿನ ಕಡ್ಡಿ

ಎರಡನೆಯ ವಾರ ಡಾಕ್ಟರರು ಒಂದು ಥರ್ಮಾಮೀಟರ್ ಕಳಿಸಿದರು. ಅದರ ಜೊತೆಗೇ ಸಂತೆಯಿಂದ ಒಂದು ಸುದ್ದಿ ಬಂತು. ಸರ್ಕಾರಕ್ಕೆ ಕಡಲಾಚೆಯ ಬಸ್ರಾದ ಯುದ್ಧಕ್ಕೆ ಜನ ಸಾಲದು. ಗಾಜಿನ ಕಡ್ಡಿಯನ್ನು ಬಾಯಿಗೆ ಇಡುತ್ತಾರೆ. ಬೆಳ್ಳಿಗೆರೆ ಮೇಲೆ ಹೋದರೆ ರಕ್ತ ಬಿಸಿ ಇದೆ ಎಂದರ್ಥ. ಬಿಸಿರಕ್ತದವರನ್ನು ಹಡಗು ಹತ್ತಿಸುತ್ತಾರೆ. ದಾರಿಯಲ್ಲಿ ನೆಂಟರು ಗುರುತು ಹಿಡಿಯಬಾರದೆಂದು ಮೊದಲೇ ಮುಖಕ್ಕೆ ಬಟ್ಟೆ ಕಟ್ಟಿಸಿದ್ದಾರೆ.

ಎಲ್ಲ ತುಂಡುಗಳೂ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿದ್ದವು. ನನ್ನ ವಿವರಣೆ ಅಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಗಂಡಸರು ಮಾತಿಲ್ಲದೆ ಸಾಲಾಗಿ ನಿಂತರು. ನನಗೆ ಸಂತೋಷವಾಯಿತು. ಒಬ್ಬೊಬ್ಬರ ನಾಲಿಗೆಯ ಕೆಳಗೆ ಕಡ್ಡಿ ಇಟ್ಟೆ, ಪ್ರತಿ ಸಲ ಔಷಧದ ನೀರಿನಲ್ಲಿ ತೊಳೆದೆ, ಗಡಿಯಾರ ನೋಡಿ ತೆಗೆದೆ. ಆ ಕಡ್ಡಿಯ ಗೆರೆಗಳು ಶುರುವಾಗುವುದೇ ತೊಂಬತ್ತೈದರಿಂದ. ಪಾದರಸ ಅಲ್ಲಿಯವರೆಗೂ ಏರಲಿಲ್ಲ. ಒಬ್ಬನಿಗಲ್ಲ, ಇಪ್ಪತ್ತೆರಡು ಗಂಡಸರಿಗೂ. ವೈದ್ಯಶಾಸ್ತ್ರದ ಪ್ರಕಾರ ಅವರೆಲ್ಲರೂ ಹಿಂದಿನ ದಿನವೇ ತೀರಿಕೊಂಡಿದ್ದರು.

ಕಡ್ಡಿ ಕೆಟ್ಟಿರಬೇಕೆಂದು ನನ್ನ ಬಾಯಲ್ಲಿಟ್ಟು ನೋಡಿದೆ. ಸರಿಯಾಗಿತ್ತು. ಆಗ ಲೈನಿನ ಹಿಂದಿನ ಹಳ್ಳದ ಕಡೆ ನೋಡಿದೆ. ದಂಡೆಯ ಮೇಲೆ ಹೆಜ್ಜೆ ಗುರುತುಗಳು ಸಾಲಾಗಿದ್ದವು. ಎಲ್ಲರೂ ಹಳ್ಳದ ತಣ್ಣೀರನ್ನು ಬಾಯಲ್ಲಿ ತುಂಬಿಕೊಂಡು, ನನ್ನ ಮುಂದೆ ಬರುವ ಹೊತ್ತಿಗೆ ನುಂಗಿ ನಿಲ್ಲುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರುಮಾಡಿದಳು.

"ಬಸ್ರಾಕ್ಕೆ ನಿಮ್ಮನ್ನ ಕರಕೊಂಡು ಹೋಗ್ತಾರಾ? ಒಂದು ಜಿಗಣೆ ಕಚ್ಚಿದ್ರೆ ಕೆಲಸ ಬಿಟ್ಟು ಲೈನಿಗೆ ಓಡಿ ಬರ್ತೀರಿ. ನೀವು ಹೋದ್ರೆ ಸರ್ಕಾರ ಸೋಲುತ್ತೆ. ಸರ್ಕಾರಕ್ಕೆ ಅಷ್ಟೂ ಬುದ್ಧಿ ಇಲ್ವೇನ್ರೋ?"

ಹೆಂಗಸರು ಬಾಯಿಬಟ್ಟೆಯ ಒಳಗೇ ನಕ್ಕರು. ಮರುದಿನದಿಂದ ಗಂಡಸರು ಒಣಬಾಯಲ್ಲಿ ಬಂದರು. ಮೇಸ್ತ್ರಿಯೊಬ್ಬನೇ ಬೇಸರದಲ್ಲಿದ್ದ. "ಕರೆದಿದ್ರೆ ನಾನು ಹೋಗ್ತಿದ್ದೆ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

೫. ಉಣಗೋಲು

ಆ ಕಡ್ಡಿಯಲ್ಲೇ ನಾಲ್ಕನೆಯ ದಿನ ಮೊದಲ ಜ್ವರ ಕಾಣಿಸಿತು. ನೂರ ಎರಡು. ಸಂತೆಗೆ ಹೋಗಿ ಸುದ್ದಿ ತಂದವನೇ ಅದನ್ನೂ ತಂದಿದ್ದ. ಅವನನ್ನು ಕೊನೆಯ ಕೋಣೆಗೆ ಹಾಕಿದೆವು. ಆದರೂ ಎರಡು ವಾರದಲ್ಲಿ ಒಟ್ಟು ಒಂಬತ್ತು ಜನ ಮಲಗಿದರು. ಆ ದಿನಗಳಲ್ಲಿ ನಾನು ನೋಟ್‌ಪುಸ್ತಕದಲ್ಲಿ ಬರೆದ ಅಕ್ಷರ ಈಗ ನನಗೇ ಓದಲು ಬರುವುದಿಲ್ಲ. ಹೆಂಗಸರು ಸರದಿ ಹಾಕಿಕೊಂಡು ಗಂಜಿ ಕೊಟ್ಟರು, ಬಟ್ಟೆ ಕುದಿಸಿದರು. ಒಬ್ಬರೂ ಸರದಿ ತಪ್ಪಿಸಲಿಲ್ಲ, ಒಬ್ಬರೂ ಊರಿಗೆ ಓಡಲಿಲ್ಲ. ಒಂದು ವಾರ ಹೊಸ ಜ್ವರ ಬರಲಿಲ್ಲ.

ಇನ್ನು ಹೊರಗಿನಿಂದ ಬರಬಾರದು. ತೋಟಕ್ಕೆ ಇದ್ದದ್ದು ಒಂದೇ ದಾರಿ. ಅಲ್ಲಿ ಮೂರು ಬೊಂಬು ಅಡ್ಡ ಹಾಕುವ ಉಣಗೋಲು. ಲೈನೂ ಮಾವನ ಬಂಗಲೆಯೂ ಅದರ ಒಳಗೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಹೊರಗೆ, ಹಳ್ಳದ ಪಕ್ಕ, ಕುಯ್ಲು ಇಲ್ಲದ್ದರಿಂದ ಖಾಲಿ. ನಾನು ನಿಯಮ ಮಾಡಿದೆ: ಹೊರಗಿನಿಂದ ಬಂದವರು ಯಾರೇ ಆಗಲಿ ಬಾಯಿಬಟ್ಟೆ ಕಟ್ಟಿ ಐದು ದಿನ ಪಲ್ಪರ್ ಮನೆಯಲ್ಲಿ ಇರಬೇಕು. ಉಣಗೋಲಿಗೆ ಅಜ್ಜಿಯನ್ನು ಕೂರಿಸಿದೆ.

ಮಾವ ಅದಕ್ಕೆ ಮೊದಲೇ ವ್ಯವಹಾರಕ್ಕೆಂದು ಚಿಕ್ಕಮಗಳೂರಿಗೆ ಹೋಗಿದ್ದರು. ಹೋದ ಎಂಟನೆಯ ದಿನ ಮಧ್ಯಾಹ್ನ ಕಮಾನುಗಾಡಿಯಲ್ಲಿ ಬಂದು ಇಳಿದರು. ತಲೆಗೆ ಜರಿ ರುಮಾಲು, ಕೋಟು, ಬೆತ್ತ. ಬಾಯಿಗೆ ಏನೂ ಇಲ್ಲ.

"ಬೊಂಬು ತೆಗಿ" ಎಂದರು.

ಅಜ್ಜಿ ಎದ್ದು ಕೈಮುಗಿದಳು. ಬೊಂಬು ತೆಗೆಯಲಿಲ್ಲ.

"ನಾನು ಯಾರು ಅಂತ ಗೊತ್ತಿಲ್ವೇನು?"

"ನನಗೆ ಗೊತ್ತು ಧಣಿ. ಜ್ವರಕ್ಕೆ ಗೊತ್ತಿಲ್ಲ."

ಗಾಡಿಯವನು ಎತ್ತಿನ ಆ ಕಡೆ ಹೋಗಿ ನಿಂತ. ಲೈನಿನವರು ಕೆಲಸ ಬಿಟ್ಟು ಗಿಡಗಳ ನಡುವಿನಿಂದ ನೋಡುತ್ತಿದ್ದರು. ಮಾವ ನನ್ನನ್ನು ಕಂಡರು.

"ಏನೋ ಇದು?"

"ನಿಯಮ, ಮಾವ."

"ನನಗೂ ಇದೆಯೇನು?"

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಉತ್ತರ ಹೇಳಿದಳು: "ಸಣ್ಣ ಧಣಿ ಯಾರೇ ಆಗಲಿ ಅಂದಿದ್ರು. ಅದರಲ್ಲಿ ನೀವು ಇಲ್ಲ ಅಂತ ಯಾರೂ ನನಗೆ ಹೇಳಲಿಲ್ಲ."

ಮಾವ ಬೆತ್ತವನ್ನು ಗಾಡಿಗೆ ಒರಗಿಸಿದರು. ಕೂಲಿಯವರ ಮುಂದೆ ಅವರು ಎಂದೂ ರುಮಾಲು ತೆಗೆದವರಲ್ಲ. ಈಗ ತೆಗೆದರು. ಸುತ್ತು ಬಿಚ್ಚಿ ಮೂಗು ಬಾಯಿಗೆ ಕಟ್ಟಿಕೊಂಡರು. ಜರಿಯಂಚು ಕಿವಿಯ ಹತ್ತಿರ ಹೊಳೆಯುತ್ತಿತ್ತು, ಬೋಳುತಲೆ ಅದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಈಗ ಸರಿ ಧಣಿ" ಎಂದಳು ಅಜ್ಜಿ. "ಪಲ್ಪರ್ ಮನೆ ಆ ಕಡೆ."

ಮಾವ ಏನೋ ಹೇಳಿದರು. ದೊಡ್ಡದಾಗಿಯೇ ಹೇಳಿದರು. ಬಟ್ಟೆ ಹನ್ನೆರಡು ಮಡಿಕೆ ಇದ್ದದ್ದರಿಂದ ಯಾರಿಗೂ ಕೇಳಿಸಲಿಲ್ಲ. ಗಾಡಿಯವನನ್ನು ಜೊತೆಗೆ ಕರೆದುಕೊಂಡು ಪಲ್ಪರ್ ಮನೆಗೆ ನಡೆದರು.

ಎರಡನೆಯ ದಿನ ಅವರಿಗೆ ನೂರಮೂರು ಜ್ವರ ಬಂತು.

ಅವತ್ತು ಯಾರೂ ನಗಲಿಲ್ಲ. ಬೊಂಬು ತೆಗೆದಿದ್ದರೆ ಆ ಜ್ವರ ಎಲ್ಲಿರುತ್ತಿತ್ತು ಎಂದು ಐವತ್ತೆಂಟು ಜನಕ್ಕೂ ಹೊಳೆಯಿತು. ನಾನು ಬಟ್ಟೆ ಕಟ್ಟಿ ಪಲ್ಪರ್ ಮನೆಗೆ ಹೋಗಿ, ಜ್ವರ ಬರದ ಗಾಡಿಯವನ ಜೊತೆ ಅಲ್ಲೇ ಉಳಿದೆ. ಅಜ್ಜಿ ಹೊತ್ತುಹೊತ್ತಿಗೆ ಗಂಜಿಯ ಚೊಂಬನ್ನು ಕಾಯಿ ಕೀಳುವ ಉದ್ದನೆಯ ದೋಟಿಯ ತುದಿಗೆ ಸಿಕ್ಕಿಸಿ ಕಿಟಕಿಗೆ ಚಾಚುತ್ತಿದ್ದಳು. ಮಾವ ಕುಡಿಯುವವರೆಗೂ ದೋಟಿ ಹಿಂದಕ್ಕೆ ಎಳೆಯುತ್ತಿರಲಿಲ್ಲ. ಐದನೆಯ ದಿನ ಜ್ವರ ಇಳಿಯಿತು. ಮಾವ ಎದ್ದು ಕೂತು, ಕಿಟಕಿಯಿಂದ ಕೇಳಿದರು:

"ಇವತ್ತಿಗೆ ಐದಾಯ್ತು. ಇನ್ನು ಬರಬಹುದಾ?"

"ಅಯ್ಯೋ ಧಣಿ" ಎಂದಳು ಅಜ್ಜಿ. "ಐದು ದಿನ ನಮ್ಮಂಥೋರಿಗೆ. ನಿಮಗೂ ಅಷ್ಟೇ ಕೊಟ್ರೆ ನಿಮ್ಮ ಮರ್ಯಾದೆ ಏನಾಗಬೇಕು? ನಿಮಗೆ ಹತ್ತು."

ಮಾವ ನನ್ನ ಮುಖ ನೋಡಿದರು. ಜ್ವರ ಬಿಟ್ಟವರು ಇನ್ನೂ ಕೆಲವು ದಿನ ದೂರ ಇರುವುದು ಒಳ್ಳೆಯದೆಂದು ಡಾಕ್ಟರರು ಬರೆದಿದ್ದರು. ಆದರೆ ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ಹತ್ತು ಸರಿ ಎಂದೆ.

ಹತ್ತು ದಿನ ಇದ್ದರು. ಹೊರಗೆ ಬಂದವರು ನೇರವಾಗಿ ಉಣಗೋಲಿಗೆ ಹೋಗಿ, ಅಜ್ಜಿ ಬೊಂಬು ಸರಿಸುವವರೆಗೆ ಕಾದು, ಒಳಗೆ ಹೋದರು. ಆಮೇಲೆ ಮೂಡಿಗೆರೆಯಲ್ಲಿ ತೋಟದ ಸಾಹುಕಾರರು ಸೇರಿದ ಕಡೆಯಲ್ಲೆಲ್ಲ ಅವರದು ಒಂದೇ ಮಾತು: "ನನ್ನ ತೋಟದಲ್ಲಿ ನನ್ನನ್ನೇ ಹತ್ತು ದಿನ ಆಚೆ ಕೂರಿಸಿದರು. ನಿಮ್ಮ ತೋಟದಲ್ಲಿ ಅಂಥವರು ಒಬ್ಬರಾದರೂ ಇದ್ದಾರಾ?"

ಯಾರ ತೋಟದಲ್ಲೂ ಇರಲಿಲ್ಲ. ಮಾವ ಬೀಗುತ್ತಿದ್ದರು. ನಾನೂ.

ಕುಯ್ಲು ಶುರುವಾದ ವಾರ ಡಾಕ್ಟರರು ಲೆಕ್ಕ ಕೇಳಿ ಕಳಿಸಿದರು. ಬರೆದು ಕೊಟ್ಟೆ. ಧಣಿಗಳನ್ನೂ ಸೇರಿಸಿ ಮಲಗಿದವರು ಹತ್ತು. ಎದ್ದವರು ಹತ್ತು.